ಮಮ್‌ಗೀ ಟೀವಿಗೆ ಬಟ್ಟೆ ಹೊದಿಸಿದ ದಿನ

ಪಕ್ಕದ ಮನೆಯ ಮಮ್‌ಗೀ ಟೀವಿಯ ಪ್ಲಗ್ ಕಿತ್ತು, ಅದರ ಮೇಲೊಂದು ಕ್ರೋಶಾ ಬಟ್ಟೆ ಹೊದಿಸಿದ್ದಾರೆ. ಬಿಳಿ ದಾರದ್ದು, ಅಂಚಿಗೆ ಹಸಿರು. ಮೊದಲು ಅದು ಊಟದ ಮೇಜಿನ ಮೇಲಿರುತ್ತಿತ್ತು. ಒಂದು ಮೂಲೆಯಲ್ಲಿ ಹಳೇ ಟೀ ಕಲೆ ಇದೆ, ಎಷ್ಟು ಒಗೆದರೂ ಹೋಗಿಲ್ಲ. ಕಲೆ ಕಾಣದ ಹಾಗೆ ಆ ಮೂಲೆಯನ್ನು ಗೋಡೆ ಕಡೆಗೆ ತಿರುಗಿಸಿ ಹೊದಿಸಿದ್ದಾರೆ. ಅಷ್ಟು ಅಚ್ಚುಕಟ್ಟು ಅವರದು.

ಮಮ್‌ಗೀ ಅಂದರೆ ಬ್ರಿಟನ್ನಿನ ದಕ್ಷಿಣ ವೇಲ್ಸ್ ಕಡೆಯ ವೆಲ್ಷ್ ಭಾಷೆಯಲ್ಲಿ ಅಜ್ಜಿ ಅಂತ. ನನ್ನ ಮಗಳು ಮಾತು ಕಲಿಯುವಾಗಲೇ ಅವರನ್ನು ಹಾಗೆ ಕರೆದಳು. ಈಗ ನಾನೂ ಹಾಗೇ ಕರೆಯುತ್ತೇನೆ. ನಾನು ಇಲ್ಲಿನ ಕಾರ್ಮಾರ್ಥನ್ ಊರಿಗೆ ನರ್ಸ್ ಆಗಿ ಬಂದು ಇಪ್ಪತ್ತು ವರ್ಷದ ಮೇಲಾಯಿತು. ಅಂದಿನಿಂದ ನಮ್ಮಿಬ್ಬರ ಮನೆಗೂ ನಡುವೆ ಒಂದೇ ಗೋಡೆ. ಸಂಜೆ ಏಳೂವರೆಗೆ ಆ ಕಡೆಯಿಂದ ವೆಲ್ಷ್ ವಾರ್ತೆಯ ಸದ್ದು ಕೇಳಿದರೆ ನಾನು ಅನ್ನಕ್ಕೆ ಇಡುತ್ತಿದ್ದೆ. ಆ ಸದ್ದು ನಿಂತು ಒಂದು ವಾರ ಆದ ಮೇಲೆ, ಮೈಗೆ ಹುಷಾರಿಲ್ಲವೇನೋ ಅಂತ ನೋಡಲು ಹೋದೆ. ಮೈಗೇನೂ ಆಗಿರಲಿಲ್ಲ. "ಲೈಸೆನ್ಸ್ ಬಿಟ್ಟುಬಿಟ್ಟೆ ಕಣಮ್ಮಾ" ಅಂದರು.

ಊರಿನವರಿಗೆ ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಬ್ರಿಟನ್ನಿನಲ್ಲಿ ಟೀವಿ ನೋಡೋದಕ್ಕೆ ಲೈಸೆನ್ಸ್ ಬೇಕು. ಯಾವ ಚಾನೆಲ್ಲೇ ಆಗಲಿ, ಪ್ರಸಾರವಾಗುವ ಹೊತ್ತಿಗೇ ನೋಡುವುದಾದರೆ ಬೇಕು. ಟೀವಿ ಪೆಟ್ಟಿಗೆ ಇಲ್ಲದೆ ಫೋನಿನಲ್ಲಿ ನೋಡಿದರೂ ಬೇಕು. 2016ರ ಸೆಪ್ಟೆಂಬರ್‌ನಿಂದ ಐಪ್ಲೇಯರ್ ಅನ್ನುವ ಬಿಬಿಸಿಯ ಆನ್‌ಲೈನ್ ಸೇವೆಗೂ ಬೇಕು. ನೆಟ್‌ಫ್ಲಿಕ್ಸ್‌ನಲ್ಲಿ ಸಿನಿಮಾ, ಯೂಟ್ಯೂಬ್‌ನಲ್ಲಿ ಹಳೇ ವಿಡಿಯೋ ಮಾತ್ರ ನೋಡುವವರಿಗೆ ಬೇಡ. ಒಂದು ಮನೆಗೆ ಒಂದು ಲೈಸೆನ್ಸ್. ಆ ಹಣ ಮುಖ್ಯವಾಗಿ ಬಿಬಿಸಿಗೆ ಹೋಗುತ್ತದೆ. ಅದಕ್ಕೇ ಬಿಬಿಸಿಯಲ್ಲಿ ಜಾಹೀರಾತು ಇರುವುದಿಲ್ಲ. 1946ರಲ್ಲಿ ಟೀವಿ ಲೈಸೆನ್ಸ್ ಶುರುವಾದಾಗ ವರ್ಷಕ್ಕೆ 2 ಪೌಂಡ್ ಇತ್ತು. 2025ರ ಏಪ್ರಿಲ್‌ನಿಂದ 174.50 ಪೌಂಡ್ ಆಯಿತು. ನಮ್ಮ ದುಡ್ಡಿನಲ್ಲಿ ಸುಮಾರು ಇಪ್ಪತ್ತು ಸಾವಿರ ರೂಪಾಯಿ.

ಇದನ್ನು ಕೇಳಿದರೆ ಊರಿನಲ್ಲಿ ಎಲ್ಲರೂ ಬಾಯಿ ಬಿಡುತ್ತಾರೆ. ಟೀವಿ ನೋಡೋಕೂ ಲೈಸೆನ್ಸಾ? ಆದರೆ ನನ್ನ ವಯಸ್ಸಿನವರು ಸ್ವಲ್ಪ ನೆನಪು ಮಾಡಿಕೊಳ್ಳಿ. ನಮ್ಮಲ್ಲೂ ಇತ್ತು.

ತಿಪಟೂರು ಹತ್ತಿರದ ನಮ್ಮ ಮನೆಯಲ್ಲಿ ಅಪ್ಪನ ಕಬ್ಬಿಣದ ಟ್ರಂಕಿನಲ್ಲಿ ಒಂದು ಪುಟ್ಟ ಪುಸ್ತಕ ಇತ್ತು. ರೇಡಿಯೋ ಲೈಸೆನ್ಸ್ ಪುಸ್ತಕ. ಪಹಣಿ, ಜಮೀನಿನ ಪತ್ರ ಇಡುವ ಜಾಗದಲ್ಲೇ ಅದನ್ನೂ ಇಡುತ್ತಿದ್ದರು. ವರ್ಷಕ್ಕೊಂದು ಸಲ ಅದನ್ನು ತೆಗೆದುಕೊಂಡು ಪೋಸ್ಟಾಫೀಸಿಗೆ ಹೋಗಬೇಕು. ರೇಡಿಯೋಗೆ ಹದಿನೈದು ರೂಪಾಯಿ. ಟೀವಿ ಇದ್ದವರಿಗೆ ಐವತ್ತು, ನಮ್ಮೂರಲ್ಲಿ ಆಗ ಟೀವಿ ಎಲ್ಲಿತ್ತು? ಪೋಸ್ಟ್ ಮಾಸ್ಟರು ಪುಸ್ತಕದಲ್ಲಿ ಸ್ಟಾಂಪ್ ಅಂಟಿಸಿ, ಅದರ ಮೇಲೆ ತಾರೀಕಿನ ಸೀಲು ಹೊಡೆಯುತ್ತಿದ್ದರು. ಸೀಲು ಸ್ಟಾಂಪಿನ ಮೇಲೆ ಅರ್ಧ, ಹಾಳೆಯ ಮೇಲೆ ಅರ್ಧ ಬೀಳಬೇಕು. ಅದು ಒಣಗುವ ತನಕ ಅಪ್ಪ ಪುಸ್ತಕ ಮುಚ್ಚುತ್ತಿರಲಿಲ್ಲ. ದಾರಿಯುದ್ದಕ್ಕೂ ತೆರೆದೇ ಹಿಡಿದುಕೊಂಡು ಬರುತ್ತಿದ್ದರು, ನಾನು ಹಿಂದೆ.

ಕೊಬ್ಬರಿ ಮಾರಿ ಬದುಕುವ ಮನೆಗೆ ಹದಿನೈದು ರೂಪಾಯಿ ಆಗ ಸಣ್ಣ ಮೊತ್ತ ಅಲ್ಲ. ಆದರೂ ಅಪ್ಪ ಅದನ್ನು ದಂಡ ಅಂದುಕೊಂಡಿದ್ದನ್ನು ನಾನು ನೋಡಿಲ್ಲ. ಯಾಕೆಂದರೆ ಸಂಜೆ ಆ ರೇಡಿಯೋ ಜಗಲಿಗೆ ಬರುತ್ತಿತ್ತು. ಪ್ರದೇಶ ಸಮಾಚಾರದ ಹೊತ್ತಿಗೆ ಕೇರಿಯ ಹತ್ತು ಮನೆಯವರು ಬಂದು ಕೂರುತ್ತಿದ್ದರು. ಲೈಸೆನ್ಸ್ ಒಂದು, ಕಿವಿ ಇಪ್ಪತ್ತು ಮೂವತ್ತು. 1980ರ ದಶಕದ ಮಧ್ಯದಲ್ಲಿ ಸರ್ಕಾರ ಆ ಲೈಸೆನ್ಸ್ ಪದ್ಧತಿಯನ್ನೇ ತೆಗೆದುಹಾಕಿತು. ಅಪ್ಪ ಮಾತ್ರ ಪುಸ್ತಕವನ್ನು ಟ್ರಂಕಿನಿಂದ ತೆಗೆಯಲಿಲ್ಲ.

ಈ ನೆನಪು ಇರುವುದರಿಂದಲೋ ಏನೋ, ಇಲ್ಲಿಗೆ ಬಂದ ಮೊದಲ ವರ್ಷ ಲೈಸೆನ್ಸ್ ಕಟ್ಟುವಾಗ ನನಗೆ ವಿಚಿತ್ರ ಅನಿಸಲಿಲ್ಲ. ಇಂದಿಗೂ ಖುಷಿಯಿಂದಲೇ ಕಟ್ಟುತ್ತೇನೆ. ದಿನಕ್ಕೆ ಅರ್ಧ ಪೌಂಡಿಗಿಂತ ಸ್ವಲ್ಪ ಕಮ್ಮಿ ಬೀಳುತ್ತದೆ. ಅದಕ್ಕೆ ಸಿಕ್ಕಿದ್ದು ನನ್ನ ಕಣ್ಣ ಮುಂದೆಯೇ ಇದೆ.

ನನ್ನ ಮಗಳು ವೆಲ್ಷ್ ಕಲಿತದ್ದು ಎಸ್ ಫೋರ್ ಸಿ ಅನ್ನುವ ವೆಲ್ಷ್ ಭಾಷೆಯ ಚಾನೆಲ್ಲಿನ ಮಕ್ಕಳ ಕಾರ್ಯಕ್ರಮಗಳಿಂದ. 'ಕ್ಯು' ಅಂತ ಅದರ ಹೆಸರು, ಕೋಳಿಮರಿ ಅಂತ ಅರ್ಥ. ನಾನು ಡ್ಯೂಟಿಗೆ ಹೋದಾಗ ಅವಳು ಮಮ್‌ಗೀ ಪಕ್ಕ ಕೂತು ಅದನ್ನು ನೋಡುತ್ತಿದ್ದಳು. ಮನೆಯಲ್ಲಿ ಕನ್ನಡ, ಪಕ್ಕದ ಮನೆಯಲ್ಲಿ ವೆಲ್ಷ್, ಬೀದಿಯಲ್ಲಿ ಇಂಗ್ಲಿಷ್. ಮೂರೂ ಅವಳಿಗೆ ಸಲೀಸು. ಎಸ್ ಫೋರ್ ಸಿಗೆ ಬರುವ ಸಾರ್ವಜನಿಕ ಹಣ 2022ರಿಂದ ಪೂರ್ತಿ ಲೈಸೆನ್ಸ್ ಫೀಯದ್ದೇ. 2021ರ ಜನಗಣತಿ ಪ್ರಕಾರ ವೇಲ್ಸ್‌ನಲ್ಲಿ ವೆಲ್ಷ್ ಬಲ್ಲವರು 5 ಲಕ್ಷ 38 ಸಾವಿರ ಜನ. ನಮ್ಮ ಕೊಡಗು ಜಿಲ್ಲೆಯ ಜನಸಂಖ್ಯೆಯೇ 2011ರಲ್ಲಿ 5 ಲಕ್ಷ 54 ಸಾವಿರ ಇತ್ತು! ಇಷ್ಟೇ ಜನರ ಭಾಷೆಗೆ ವಾರ್ತೆ, ನಾಟಕ, ಮಕ್ಕಳ ಹಾಡು, ರಗ್ಬಿ ಕಾಮೆಂಟರಿ ಎಲ್ಲ ಇರುವ ಒಂದು ಪೂರ್ತಿ ಚಾನೆಲ್. ಜಾಹೀರಾತನ್ನೇ ನಂಬಿಕೊಂಡಿದ್ದರೆ ಇದು ನಡೆಯುತ್ತಿತ್ತಾ? ಖಂಡಿತ ಇಲ್ಲ. ಕೊಡವ ಭಾಷೆಗೆ, ಬ್ಯಾರಿ ಭಾಷೆಗೆ ಇಂಥದ್ದೊಂದು ಇದ್ದಿದ್ದರೆ ಅಂತ ನಾನು ಎಷ್ಟೋ ಸಲ ಅಂದುಕೊಂಡಿದ್ದೇನೆ. (ಬಿಬಿಸಿ ಸುದ್ದಿ ಹಿಂದಿ, ತಮಿಳು, ತೆಲುಗು, ಮರಾಠಿ, ಗುಜರಾತಿ, ಪಂಜಾಬಿಯಲ್ಲಿ ಬರುತ್ತದೆ. ಕನ್ನಡದಲ್ಲಿ ಇಲ್ಲ. ಫೀ ಕಟ್ಟುವ ಕನ್ನಡತಿಯಾಗಿ ಇದು ನನಗೆ ಪ್ರತಿ ಸಲವೂ ಚುಚ್ಚುತ್ತದೆ.)

ಈ ಚಾನೆಲ್ ಸುಮ್ನೆ ಸಿಕ್ಕಿದ್ದಲ್ಲ. 1979ರ ಚುನಾವಣೆಗೆ ಮುಂಚೆ ಕನ್ಸರ್ವೇಟಿವ್ ಪಕ್ಷ ವೆಲ್ಷ್ ಚಾನೆಲ್ ಕೊಡುತ್ತೇವೆ ಅಂತ ಮಾತು ಕೊಟ್ಟಿತ್ತು. ಗೆದ್ದ ಮೇಲೆ ಮಾತು ತಪ್ಪಿತು. ಆಗ ಇಲ್ಲಿನ ಭಾಷಾ ಚಳವಳಿಯವರು ಒಂದು ದಾರಿ ಹಿಡಿದರು. ನಮ್ಮ ಭಾಷೆಯಲ್ಲಿ ಚಾನೆಲ್ ಕೊಡುವ ತನಕ ಟೀವಿ ಲೈಸೆನ್ಸ್ ಕಟ್ಟಲ್ಲ, ಕೋರ್ಟಿಗೆ ಎಳೆದರೆ ಎಳೆಯಿರಿ ಅಂದರು. ಅಧ್ಯಾಪಕರು, ಪಾದ್ರಿಗಳು, ರೈತರು, ಗೃಹಿಣಿಯರು ಎಲ್ಲ ಇದ್ದರು. ಆಮೇಲೆ ವೇಲ್ಸ್‌ನ ರಾಷ್ಟ್ರೀಯವಾದಿ ಪಕ್ಷವಾದ ಪ್ಲೈಡ್ ಕಮ್ರಿಯ ಅಧ್ಯಕ್ಷ ಗ್ವಿನ್ವರ್ ಎವನ್ಸ್, 1980ರ ಅಕ್ಟೋಬರ್ 6ರಿಂದ ಆಮರಣ ಉಪವಾಸ ಕೂರುತ್ತೇನೆ ಎಂದು ಘೋಷಿಸಿದರು. 1966ರಲ್ಲಿ ಇದೇ ಕಾರ್ಮಾರ್ಥನ್‌ನಿಂದ ಗೆದ್ದು ಪಾರ್ಲಿಮೆಂಟಿಗೆ ಹೋಗಿದ್ದವರು ಅವರು. ಥ್ಯಾಚರ್ ಸರ್ಕಾರ ಸೆಪ್ಟೆಂಬರ್ 17ಕ್ಕೇ ಬಗ್ಗಿತು. 1982ರ ನವೆಂಬರ್ 1ಕ್ಕೆ ಚಾನೆಲ್ ಶುರುವಾಯಿತು. ನಮ್ಮ ರಾಜ್ಯೋತ್ಸವದ ದಿನ! ಅದೇ ವರ್ಷ ನಮ್ಮಲ್ಲಿ ಗೋಕಾಕ್ ಚಳವಳಿಯ ಕಾವು ಜೋರಾಗಿತ್ತು. ಎರಡು ಊರಿಗೂ ಒಂದಕ್ಕೊಂದು ಗೊತ್ತಿಲ್ಲದೆ ಒಂದೇ ಕಾಲದಲ್ಲಿ ಒಂದೇ ನೋವು.

ಲೈಸೆನ್ಸ್ ಕಟ್ಟಲ್ಲ ಅನ್ನುವ ಆ ಚಳವಳಿಯ ಹೊತ್ತಿಗೆ ಮಮ್‌ಗೀಗೆ ಮೂವತ್ತನಾಲ್ಕು ವರ್ಷ. ಶಾಲೆಯೊಂದರಲ್ಲಿ ಮಕ್ಕಳಿಗೆ ಮಧ್ಯಾಹ್ನದ ಅಡುಗೆ ಮಾಡುವ ಕೆಲಸ. ಕಲರ್ ಟೀವಿ ಲೈಸೆನ್ಸ್ ಆಗ 34 ಪೌಂಡ್. ಅವರೂ ಕಟ್ಟಲಿಲ್ಲ. ಕೋರ್ಟಿನಲ್ಲಿ ನಿಂತರು. ವೆಲ್ಷ್‌ನಲ್ಲೇ ಉತ್ತರ ಕೊಟ್ಟರಂತೆ. ದಂಡ ಬಿತ್ತು. ಆ ದಂಡದ ರಸೀದಿಯನ್ನು ಅವರು ಇಂದಿಗೂ ಬಿಸ್ಕತ್ ಡಬ್ಬಿಯಲ್ಲಿ, ಮದುವೆ ಫೋಟೋಗಳ ಜೊತೆ ಇಟ್ಟಿದ್ದಾರೆ. ಚಾನೆಲ್ ಬರುವುದು ಖಚಿತವಾದ ವಾರವೇ ಹೋಗಿ ಲೈಸೆನ್ಸ್ ಕಟ್ಟಿ ಬಂದರಂತೆ. ಅಂದಿನಿಂದ ಒಂದು ವರ್ಷವೂ ತಪ್ಪಿಸಿದವರಲ್ಲ.

ಈಗ ಎಪ್ಪತ್ತೊಂಬತ್ತು.

"ಆವತ್ತು ಕೈಯಲ್ಲಿ ದುಡ್ಡಿತ್ತು, ಕೊಡಲ್ಲ ಅಂದೆ. ಇವತ್ತು ಕೊಡೋಣ ಅಂದ್ರೆ ದುಡ್ಡಿಲ್ಲ" ಅಂದರು. ನಗಲಿಲ್ಲ, ಅಳಲೂ ಇಲ್ಲ. ಬಟ್ಟೆಯ ಅಂಚನ್ನು ಸರಿ ಮಾಡಿದರು ಅಷ್ಟೇ.

ಹೇಗೆ ಇಲ್ಲಿಗೆ ಬಂತು ಅನ್ನೋದನ್ನು ಹೇಳಬೇಕು. 2000ದ ನವೆಂಬರ್‌ನಿಂದ ಎಪ್ಪತ್ತೈದು ದಾಟಿದವರಿರುವ ಮನೆಗೆ ಲೈಸೆನ್ಸ್ ಪುಕ್ಕಟೆ ಇತ್ತು, ಹಣ ಸರ್ಕಾರ ತುಂಬುತ್ತಿತ್ತು. 2015ರಲ್ಲಿ ಸರ್ಕಾರ ಆ ಭಾರವನ್ನು ಬಿಬಿಸಿಯ ಹೆಗಲಿಗೆ ದಾಟಿಸಿತು. ಎಲ್ಲ ಹಿರಿಯರಿಗೂ ಪುಕ್ಕಟೆ ಕೊಟ್ಟರೆ ವರ್ಷಕ್ಕೆ 74.5 ಕೋಟಿ ಪೌಂಡ್ ಖರ್ಚು ಅಂತ ಬಿಬಿಸಿ ಲೆಕ್ಕ ಹಾಕಿತು. ಅಷ್ಟು ಕೊಟ್ಟರೆ ಒಂದಷ್ಟು ಚಾನೆಲ್ಲನ್ನೇ ಮುಚ್ಚಬೇಕಾದೀತು. ಕೊನೆಗೆ 2020ರ ಆಗಸ್ಟ್ 1ರಿಂದ, ಪೆನ್ಶನ್ ಕ್ರೆಡಿಟ್ ಅನ್ನುವ ಬಡ ಹಿರಿಯರ ಸಹಾಯಧನ ಸಿಗುವವರಿಗೆ ಮಾತ್ರ ಪುಕ್ಕಟೆ ಅಂತಾಯಿತು. ಮಮ್‌ಗೀಯ ಯಜಮಾನರು ಇದ್ದಾಗ, ಅವರ ವಯಸ್ಸಿನ ಲೆಕ್ಕದಲ್ಲಿ ಐದು ವರ್ಷ ಈ ಮನೆಗೆ ಪುಕ್ಕಟೆ ಸಿಕ್ಕಿತ್ತು. ಅದು ನಿಂತ ಮೇಲೂ ಇಬ್ಬರ ಪೆನ್ಶನ್ ಸೇರಿ ಹೇಗೋ ನಡೆಯಿತು. 2022ರಲ್ಲಿ ಅವರು ಹೋದರು. ಅವರ ಪೆನ್ಶನ್ನಿನಲ್ಲಿ ಅರ್ಧವೂ ಹೋಯಿತು.

ನಾನೇ ಕೂತು ಪೆನ್ಶನ್ ಕ್ರೆಡಿಟ್ ಅರ್ಜಿ ತುಂಬಿಸಿದೆ. ವಾರದ ಆದಾಯ ಮಿತಿಗಿಂತ ನಾಲ್ಕೈದು ಪೌಂಡ್ ಜಾಸ್ತಿ ಇತ್ತು. ಆ ನಾಲ್ಕೈದು ಪೌಂಡ್ ಕೊಡುವವರು ಯಾರು? ತೀರಿಕೊಂಡ ಗಂಡನ ಉಳಿದರ್ಧ ಪೆನ್ಶನ್. ಗೆರೆಯ ಈಚೆ ಇದ್ದವರಿಗೆ ಪೂರ್ತಿ ಪುಕ್ಕಟೆ, ಆಚೆ ಇದ್ದವರಿಗೆ ಪೂರ್ತಿ ಫೀ. ನಡುವೆ ಮುಕ್ಕಾಲು, ಅರ್ಧ, ಕಾಲು ಅನ್ನುವುದೇ ಇಲ್ಲ. ನನಗೆ ಹೊಟ್ಟೆ ಉರಿಯುವುದು ಇಲ್ಲಿಯೇ.

ಕಂತಿನಲ್ಲಿ ಕಟ್ಟಬಹುದಲ್ವಾ ಅಂತ ನನ್ನ ಯಜಮಾನರು ಕೇಳಿದರು. ಕಟ್ಟಬಹುದು. ಆದರೆ ಸಾಮಾನ್ಯ ತಿಂಗಳ ಕಂತಿನಲ್ಲಿ ಮೊದಲ ವರ್ಷದ್ದನ್ನು ಆರೇ ತಿಂಗಳಲ್ಲಿ ತೀರಿಸಬೇಕು, ತಿಂಗಳಿಗೆ ಸುಮಾರು 30 ಪೌಂಡ್. ಕಷ್ಟದಲ್ಲಿರುವವರಿಗೆ ಇನ್ನೂ ಸಣ್ಣ ಕಂತಿನ ಬೇರೆ ಯೋಜನೆ ಇದೆ. ಅದು ಒಳ್ಳೆಯದೇ. ಆದರೆ ಎಷ್ಟು ತುಂಡು ಮಾಡಿದರೂ ರೊಟ್ಟಿಯ ತೂಕ ಅಷ್ಟೇ ಅಲ್ವಾ?

ನಮ್ಮ ವಾರ್ಡನ್ನೇ ತೆಗೆದುಕೊಳ್ಳಿ. ಬೆಳಿಗ್ಗೆ ರೌಂಡ್ಸಿಗೆ ಬರುವ ದೊಡ್ಡ ಡಾಕ್ಟರು ಪೂರ್ತಿ ಫೀ ಕಟ್ಟುತ್ತಾರೆ. ನಾನೂ ಅಷ್ಟೇ. ನೆಲ ಒರೆಸಲು ಬರುವ, ಎರಡು ಕಡೆ ದುಡಿದು ಒಬ್ಬಳೇ ಮಗುವನ್ನು ಸಾಕುವ ಹುಡುಗಿಯೂ ಅಷ್ಟೇ. ಡಾಕ್ಟರಿಗೆ ಅದು ಒಂದು ರಾತ್ರಿ ಹೋಟೆಲ್ ಊಟ, ಆ ಹುಡುಗಿಗೆ ಎರಡು ಮೂರು ವಾರದ ದಿನಸಿ. ಕೌನ್ಸಿಲ್ ಟ್ಯಾಕ್ಸ್‌ನಲ್ಲೂ ಇಷ್ಟು ಕಣ್ಣು ಮುಚ್ಚಿ ಹಾಕುವುದಿಲ್ಲ. ವೇಲ್ಸ್‌ನಲ್ಲಿ ಮನೆಯ ಬೆಲೆ ನೋಡಿ ಒಂಬತ್ತು ಹಂತ ಮಾಡಿದ್ದಾರೆ. ಒಬ್ಬರೇ ಇರುವ ಮನೆಗೆ ನೂರಕ್ಕೆ ಇಪ್ಪತ್ತೈದು ಕಡಿತವೂ ಇದೆ. ಮಮ್‌ಗೀಗೆ ಆ ಕಡಿತ ಸಿಗುತ್ತದೆ. ಟೀವಿಗೆ ಮಾತ್ರ, ಒಬ್ಬರೇ ನೋಡಿದರೂ ಆರು ಜನ ನೋಡಿದರೂ ಒಂದೇ ರೇಟು.

ಇನ್ನೊಂದು ವಿಷಯ ಇದಕ್ಕಿಂತ ಜಾಸ್ತಿ ಕಾಡುತ್ತದೆ. ಲೈಸೆನ್ಸ್ ಇಲ್ಲದೆ ಟೀವಿ ನೋಡುವುದು ಇಲ್ಲಿ ಅಪರಾಧ. ಕರೆಂಟ್ ಬಿಲ್ ಕಟ್ಟದಿದ್ದರೆ ಅದು ಸಾಲ, ಇದು ಕಟ್ಟದಿದ್ದರೆ ಮ್ಯಾಜಿಸ್ಟ್ರೇಟರ ಕೋರ್ಟು, 1,000 ಪೌಂಡ್ ತನಕ ದಂಡ. ತಪ್ಪಿತಸ್ಥರು ಅಂತ ತೀರ್ಪಾಗುವವರಲ್ಲಿ ಸುಮಾರು ನಾಲ್ಕರಲ್ಲಿ ಮೂರು ಪಾಲು ಹೆಂಗಸರು. ಯಾಕೆ ಹೀಗೆ? ಹೆಂಗಸರು ಜಾಸ್ತಿ ಕದ್ದು ನೋಡುತ್ತಾರೆ ಅಂತಲ್ಲ. ತಪಾಸಣೆಯವರು ಬಾಗಿಲು ತಟ್ಟಿದಾಗ ಮನೆಯಲ್ಲಿರುವವರು, ಬಾಗಿಲು ತೆಗೆಯುವವರು ಹೆಚ್ಚಾಗಿ ಹೆಂಗಸರೇ. ಮಗುವನ್ನು ಕಂಕುಳಲ್ಲಿ ಇಟ್ಟುಕೊಂಡು ಬಾಗಿಲು ತೆಗೆದವಳ ಹೆಸರೇ ಕಾಗದದಲ್ಲಿ ಬರುತ್ತದೆ. ಇಂಥ ಎಷ್ಟೋ ಕೇಸುಗಳನ್ನು ಒಬ್ಬರೇ ಮ್ಯಾಜಿಸ್ಟ್ರೇಟರು ಕಾಗದ ನೋಡಿ ಮುಗಿಸುತ್ತಾರೆ. ಅವಳು ಅವರ ಮುಂದೆ ನಿಲ್ಲುವುದೂ ಇಲ್ಲ.

ಮಮ್‌ಗೀ ಭಾಷೆಗಾಗಿ, ತಾವೇ ಬಯಸಿ ಕೋರ್ಟಿಗೆ ಹೋದವರು. ಅದರಲ್ಲಿ ಅವರಿಗೆ ಹೆಮ್ಮೆ ಇತ್ತು. ದುಡ್ಡಿಲ್ಲದ್ದಕ್ಕೆ ಕೋರ್ಟಿಗೆ ಹೋಗುವುದರಲ್ಲಿ ಯಾವ ಹೆಮ್ಮೆ? ಅದಕ್ಕೇ ಅವರು ಕದ್ದು ನೋಡುವ ಯೋಚನೆಯನ್ನೇ ಮಾಡದೆ ಪ್ಲಗ್ ಕಿತ್ತಿಟ್ಟರು. ಲೈಸೆನ್ಸ್ ಬೇಡ ಅಂತ ಬರೆದೂ ಕಳಿಸಿದರು. ರೇಡಿಯೋಗೆ 1971ರಿಂದ ಲೈಸೆನ್ಸ್ ಬೇಕಿಲ್ಲ, ಅದನ್ನು ಅಡುಗೆಮನೆಯಿಂದ ತಂದು ಸೋಫಾ ಪಕ್ಕ ಇಟ್ಟುಕೊಂಡಿದ್ದಾರೆ.

ಹಾಗಾದರೆ ಲೈಸೆನ್ಸನ್ನೇ ತೆಗೆದುಬಿಡಿ, ನೋಡುವವರು ಮಾತ್ರ ದುಡ್ಡು ಕೊಟ್ಟು ನೋಡಲಿ ಅನ್ನುವವರು ನನ್ನ ಜೊತೆ ಕೆಲಸ ಮಾಡುವ ಚಿಕ್ಕ ವಯಸ್ಸಿನವರಲ್ಲಿ ಬಹಳ ಇದ್ದಾರೆ. ಅವರಲ್ಲಿ ಎಷ್ಟೋ ಮಂದಿ ಲೈಸೆನ್ಸ್ ತೆಗೆದುಕೊಂಡೇ ಇಲ್ಲ. ನೇರ ಪ್ರಸಾರ ನೋಡುವುದೇ ಇಲ್ಲವಾದ್ದರಿಂದ ಅದು ಕಾನೂನಿಗೆ ಸರಿಯೇ. ದೇಶದಲ್ಲಿ ಎರಡೂವರೆ ಕೋಟಿಯ ಮೇಲಿದ್ದ ಲೈಸೆನ್ಸ್‌ಗಳು ಈಗ 2.4 ಕೋಟಿಗಿಂತ ಕೆಳಗೆ ಇಳಿದಿವೆ. ಅವರ ಮಾತಿನಲ್ಲಿ ನ್ಯಾಯ ಇಲ್ಲ ಅಂತ ನಾನು ಹೇಳುವುದಿಲ್ಲ. ಆದರೆ 2021ರ ಜನವರಿ ನನ್ನ ಕಣ್ಣ ಮುಂದೆ ಬರುತ್ತದೆ. ಕೋವಿಡ್ ಲಾಕ್‌ಡೌನ್, ಶಾಲೆ ಬಂದ್. ನಮ್ಮ ವಾರ್ಡಿನ ಒಬ್ಬ ಸಹಾಯಕಿಗೆ ಮೂರು ಮಕ್ಕಳು, ಮನೆಯಲ್ಲಿ ಒಂದೇ ಫೋನು, ಅದರಲ್ಲೂ ಡೇಟಾ ಕಮ್ಮಿ. ಆಗ ಬಿಬಿಸಿ ದಿನವೂ ಟೀವಿಯಲ್ಲೇ ಪಾಠ ಹಾಕಲು ಶುರು ಮಾಡಿತು. ಚಿಕ್ಕವರಿಗೆ ಮಕ್ಕಳ ಚಾನೆಲ್ಲಿನಲ್ಲಿ ಬೆಳಿಗ್ಗೆ ಮೂರು ಗಂಟೆ, ದೊಡ್ಡವರಿಗೆ ಬಿಬಿಸಿ ಟೂನಲ್ಲಿ. ಇಂಟರ್ನೆಟ್ ಬೇಡ, ಲ್ಯಾಪ್‌ಟಾಪ್ ಬೇಡ. ಆ ಮಕ್ಕಳು ಪಿಪಿಇ ಹಾಕಿಕೊಂಡು ಹೋದ ಅಮ್ಮ ಬರುವ ತನಕ ಟೀವಿ ಮುಂದೆ ಲೆಕ್ಕ ಮಾಡುತ್ತಿದ್ದರು. ಚಂದಾ ಕಟ್ಟಿದವರಿಗೆ ಮಾತ್ರ ಅಂತಿದ್ದರೆ ಆ ಮನೆಗೆ ಅದು ಬರುತ್ತಿರಲಿಲ್ಲ. ಊರಿನ ಬಾವಿಯಲ್ಲಿ ನಾನು ಇವತ್ತು ನೀರು ಸೇದದೇ ಇರಬಹುದು, ಆದರೂ ಹೂಳೆತ್ತಲು ನನ್ನ ಪಾಲು ಕೊಡುತ್ತೇನೆ.

ಪಾಲು ಎಷ್ಟು ಅನ್ನೋದೇ ಪ್ರಶ್ನೆ. ಊರಬ್ಬಕ್ಕೆ ವಂತಿಗೆ ಎತ್ತುವಾಗಲೂ ನಮ್ಮೂರಿನಲ್ಲಿ ಗೌಡರ ಮನೆಗೂ ವಿಧವೆಯ ಮನೆಗೂ ಒಂದೇ ರೇಟು ಹಾಕುತ್ತಿರಲಿಲ್ಲ.

ಬೇರೆ ದೇಶಗಳು ಇದನ್ನು ಆಗಲೇ ಯೋಚಿಸಿವೆ. ಜರ್ಮನಿಯಲ್ಲಿ 2013ರಿಂದ ಟೀವಿ ಇರಲಿ ಬಿಡಲಿ ಪ್ರತಿ ಮನೆಯೂ ಕಟ್ಟಬೇಕು, ಸರ್ಕಾರದ ನೆರವಿನಲ್ಲಿ ಬದುಕುವ ಬಡವರಿಗೆ ವಿನಾಯಿತಿ ಇದೆ. ಫ್ರಾನ್ಸ್ 2022ರಲ್ಲಿ ವರ್ಷಕ್ಕೆ 138 ಯೂರೋ ಇದ್ದ ಫೀಯನ್ನು ಪೂರ್ತಿ ತೆಗೆದು ಸರ್ಕಾರದ ತೆರಿಗೆ ಹಣ ಕೊಡಲು ಶುರು ಮಾಡಿತು. ಇದು ನನಗೆ ಅಷ್ಟಾಗಿ ಒಪ್ಪಿಗೆಯಿಲ್ಲ. ಬಜೆಟ್ಟಿನಿಂದ ಬರುವ ದುಡ್ಡಿಗೆ ಕಾಯುವ ವಾರ್ತಾ ಸಂಸ್ಥೆ ಮಂತ್ರಿಗಳ ಮುಖ ನೋಡಬೇಕಾಗುತ್ತದೆ. ನಮ್ಮಲ್ಲಿ ಲೈಸೆನ್ಸ್ ಹೋದ ಮೇಲೆ ಆಕಾಶವಾಣಿ, ದೂರದರ್ಶನ ಸರ್ಕಾರದ ಅನುದಾನ ಮತ್ತು ಜಾಹೀರಾತಿನ ಮೇಲೇ ನಿಂತವು. ಅಲ್ಲಿನ ವಾರ್ತೆ ಕೇಳಿ ಬೆಳೆದವಳು ನಾನು, ಅದರ ಮೇಲೆ ನನಗೆ ತುಂಬಾ ಪ್ರೀತಿ. ಆದರೆ ಸರ್ಕಾರವನ್ನು ಗಟ್ಟಿಯಾಗಿ ಪ್ರಶ್ನೆ ಕೇಳಿದ ವಾರ್ತೆ ಅಲ್ಲಿ ಎಷ್ಟು ಸಲ ಕೇಳಿದ್ದೇವೆ?

ನನಗೆ ಸರಿ ಅನಿಸಿದ್ದು ಫಿನ್‌ಲ್ಯಾಂಡ್ ದಾರಿ. 2013ರಿಂದ ಅಲ್ಲಿ ಟೀವಿ ಫೀ ಇಲ್ಲ. ಬದಲಿಗೆ ಪ್ರತಿಯೊಬ್ಬರ ಆದಾಯ ನೋಡಿ, ಸಾರ್ವಜನಿಕ ಪ್ರಸಾರಕ್ಕೇ ಮೀಸಲಾದ ಒಂದು ಸಣ್ಣ ತೆರಿಗೆ ಇದೆ. ಆದಾಯ ಕಮ್ಮಿ ಇದ್ದವರಿಗೆ ಏನೂ ಇಲ್ಲ. ಎಷ್ಟು ದುಡಿದರೂ ಒಂದು ಮಿತಿಗಿಂತ ಮೇಲೆ ಹೋಗುವುದಿಲ್ಲ. ಬಾಗಿಲು ತಟ್ಟುವವರು ಬೇಡ, ಕೋರ್ಟು ಬೇಡ, ಪೆನ್ಶನ್ ಗೆರೆಯ ಆಚೆ ಈಚೆ ಅನ್ನುವ ಜಗಳ ಬೇಡ. ಬಿಬಿಸಿ ನಡೆಯಲು ಆಧಾರವಾದ ಈಗಿನ ಚಾರ್ಟರ್ (ಸನದು) 2027ರ ಕೊನೆಗೆ ಮುಗಿಯುತ್ತದೆ. ಅಷ್ಟರೊಳಗೆ ಇದನ್ನು ಸರಿ ಮಾಡಬೇಕು. ನಮ್ಮ ಎಂಪಿಗೆ ಇಷ್ಟನ್ನೂ ಬರೆದಿದ್ದೇನೆ. ಮಮ್‌ಗೀ ಅದಕ್ಕೆ ವೆಲ್ಷ್‌ನಲ್ಲಿ ಒಂದು ಪುಟ ಸೇರಿಸಿದರು. ಕೈ ನಡುಗುತ್ತದೆ, ಆದರೂ ಅಕ್ಷರ ಮುತ್ತಿನ ಹಾಗಿದೆ.

ಲೈಸೆನ್ಸ್ ದುಡ್ಡು ನಾನೇ ಕಟ್ಟುತ್ತೇನೆ ಅಂತ ಎರಡು ಸಲ ಕೇಳಿದೆ. ಎರಡು ಸಲವೂ ಬೇಡ ಅಂದರು. ಮೂರನೇ ಸಲ ಕೇಳುವ ಧೈರ್ಯ ನನಗೆ ಬರಲಿಲ್ಲ. "ವಾರ್ತೆಗೆ ನಮ್ಮನೆಗೆ ಬನ್ನಿ" ಅಂದೆ. ಅದಕ್ಕೆ ಒಪ್ಪಿದರು.

ಈಗ ಏಳು ಇಪ್ಪತ್ತಕ್ಕೆ ಹಿಂದಿನ ಬಾಗಿಲು ತಟ್ಟುತ್ತಾರೆ. ಬೆನ್ನಿಗೆ ಇಟ್ಟುಕೊಳ್ಳಲು ತಮ್ಮದೇ ದಿಂಬು ತರುತ್ತಾರೆ. ಕೆಲವು ಸಲ ಒಲೆಯಿಂದ ಆಗತಾನೆ ತೆಗೆದ ವೆಲ್ಷ್ ಕೇಕು ಇರುತ್ತದೆ, ನಾನು ಚಕ್ಕುಲಿ ಕೊಡುತ್ತೇನೆ. ಎದುರುಮನೆಯ ನಿವೃತ್ತ ಮೇಷ್ಟರಿಗೂ ಸುದ್ದಿ ಮುಟ್ಟಿ, ಹೋದ ವಾರದಿಂದ ಅವರೂ ಬರುತ್ತಿದ್ದಾರೆ. ವಾರ್ತೆಯಲ್ಲಿ ನನಗೆ ಅರ್ಥವಾಗದ ಪದ ಬಂದರೆ ಇಬ್ಬರೂ ಒಟ್ಟಿಗೆ ಹೇಳಲು ಹೋಗಿ, ಮುಂದಿನ ಸುದ್ದಿ ಮೂವರಿಗೂ ತಪ್ಪಿಹೋಗುತ್ತದೆ. ನನಗೆ ನೈಟ್ ಡ್ಯೂಟಿ ಇರುವ ವಾರ ಮಾತ್ರ ಅವರು ಬರುವುದಿಲ್ಲ. ಆ ವಾರ ನಾನು ಯೂನಿಫಾರ್ಮ್ ಹಾಕಿಕೊಂಡು ಹೊರಡುವಾಗ ಗೋಡೆಯ ಆ ಕಡೆಯಿಂದ ರೇಡಿಯೋ ಸದ್ದು ಕೇಳುತ್ತಿರುತ್ತದೆ.